ಮಗುವಿನ ಗಂಟಲಿಗೆ ಬಲೂನಿನ ಟ್ಯೂಬೇ ಬೇಕೆ?

ಪರ

ಎಂಟು ವರ್ಷದೊಳಗಿನ ಮಗುವಿಗೆ ಅರಿವಳಿಕೆ ಕೊಡುವಾಗ ಉಸಿರಾಟಕ್ಕೆಂದು ಶ್ವಾಸನಾಳಕ್ಕೆ ಇಳಿಸುವ ಟ್ಯೂಬಿಗೆ ಕಫ್ ಇರಬಾರದು ಎಂಬುದು ದಶಕಗಳ ಕಾಲ ವೇದವಾಕ್ಯವಾಗಿತ್ತು. ಕಫ್ ಎಂದರೆ ಟ್ಯೂಬಿನ ತುದಿಯ ಬಳಿ ಉಬ್ಬುವ ಪುಟ್ಟ ಬಲೂನು. ಗಂಟಲಲ್ಲಿ ಕಟ್ಟುವ ಕಫಕ್ಕೂ ಇದಕ್ಕೂ ನಂಟಿಲ್ಲ. ಮಕ್ಕಳ ಗಂಟಲು ಆಲಿಕೆಯಂತೆ, ಧ್ವನಿತಂತುಗಳ ಕೆಳಗಿನ ಕ್ರಿಕಾಯ್ಡ್ ಉಂಗುರವೇ ಅತಿ ಕಿರಿದು, ಅಲ್ಲಿ ಟ್ಯೂಬ್ ತಾನಾಗಿಯೇ ಬಿರಡೆಯ ಹಾಗೆ ಕೂರುತ್ತದೆ, ಮತ್ತೆ ಬಲೂನೇಕೆ ಎಂದು ನಮಗೆ ಕಲಿಸಿದರು.

ಆ ಆಲಿಕೆಯ ಚಿತ್ರ ಹುಟ್ಟಿದ್ದು 19ನೇ ಶತಮಾನದ ಕೊನೆಯಲ್ಲಿ, ಶವಗಳ ಗಂಟಲಿನಿಂದ ತೆಗೆದ ಅಚ್ಚುಗಳಲ್ಲಿ. 2003ರಲ್ಲಿ ಬದುಕಿರುವ, ಉಸಿರಾಡುತ್ತಿರುವ ಮಕ್ಕಳನ್ನು ಎಂಆರ್‌ಐನಲ್ಲಿ ನೋಡಿದಾಗ ಅತಿ ಕಿರಿದಾಗಿ ಕಂಡದ್ದು ಧ್ವನಿತಂತುಗಳ ಮಟ್ಟ. ಕ್ರಿಕಾಯ್ಡ್ ದುಂಡಗೂ ಇರಲಿಲ್ಲ, ಮೊಟ್ಟೆಯಾಕಾರದಲ್ಲಿತ್ತು. ಅಂಥ ತೂತಿಗೆ ದುಂಡು ಬಿರಡೆ ತುರುಕಿದರೆ ಎಡಬಲಕ್ಕೆ ಒತ್ತುತ್ತದೆ, ಹಿಂದೆ ಮುಂದೆ ಗಾಳಿ ಸೋರುತ್ತದೆ. ಬರೀ ಗಾಳಿಯಲ್ಲ, ಅರಿವಳಿಕೆಯ ಅನಿಲವೂ ಸೋರಿ ಥಿಯೇಟರಿನಲ್ಲಿರುವವರೆಲ್ಲರ ಮೂಗಿಗೆ ಬರುತ್ತದೆ. ಆಗ ಅದನ್ನು ತೆಗೆದು ದೊಡ್ಡದನ್ನು ಹಾಕು, ಅದು ಬಿಗಿಯಾದರೆ ಮತ್ತೆ ಸಣ್ಣದು. ಪ್ರತಿ ಸಲವೂ ಧ್ವನಿತಂತುಗಳನ್ನು ಸವರಿಕೊಂಡೇ ಹೋಗಬೇಕು.

2009ರಲ್ಲಿ ಪ್ರಕಟವಾದ, ಯುರೋಪಿನ 24 ಕೇಂದ್ರಗಳ ಅಧ್ಯಯನದಲ್ಲಿ ಐದು ವರ್ಷದವರೆಗಿನ 2,246 ಮಕ್ಕಳಿದ್ದರು. ಕಫ್ ಇಲ್ಲದವರಲ್ಲಿ ಶೇ 30.8 ಮಕ್ಕಳಿಗೆ ಟ್ಯೂಬ್ ಬದಲಿಸಬೇಕಾಯಿತು. ಕಫ್ ಇದ್ದವರಲ್ಲಿ ಶೇ 2.1. ಗಂಟಲು ಊದಿ ಉಸಿರಿಗೆ ಕರ್ಕಶ ಸದ್ದು ಬಂದದ್ದು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ: ಕಫ್ ಇಲ್ಲದವರಲ್ಲಿ ಶೇ 4.7, ಇದ್ದವರಲ್ಲಿ ಶೇ 4.4. ಹಾಗಾದರೆ ನಾವು ಇಷ್ಟು ವರ್ಷ ಹೆದರಿದ್ದು ಯಾತಕ್ಕೆ?

ವಿರೋಧ

ಅಂಕಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಬಳಸಿದ ಟ್ಯೂಬ್ ಯಾವುದು ಎಂದೂ ಕೇಳಬೇಕಲ್ಲ! ಸುಮಾರು 10 ಮೈಕ್ರಾನ್ ತೆಳುವಿನ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಕಫ್. ಅದರ ಒತ್ತಡವನ್ನು ಮಾಪಕ ಹಿಡಿದು 20 ಸೆಂ.ಮೀ. ನೀರಿನ ಮಟ್ಟ ದಾಟದಂತೆ ಕಾದರು. ಸಣ್ಣ ಊರಿನ ಆಪರೇಷನ್ ಥಿಯೇಟರಿನಲ್ಲಿ ಕೈಗೆ ಸಿಗುವುದು ದಪ್ಪ ಪಿವಿಸಿ ಕಫ್. ಮಾಪಕ? ಪೈಲಟ್ ಬಲೂನನ್ನು (ಕಫ್‌ಗೆ ಜೋಡಿಸಿ ಹೊರಗೆ ಬಿಟ್ಟ ಪುಟ್ಟ ಬಲೂನು) ಎರಡು ಬೆರಳಲ್ಲಿ ಹಿಸುಕಿ ‘ಸರಿಯಿದೆ’ ಎನ್ನುವುದೇ ಮಾಪಕ. ಅದರ ಮೇಲೆ ನೈಟ್ರಸ್ ಆಕ್ಸೈಡ್ ಕೊಟ್ಟರೆ ಆ ಅನಿಲ ಕಫ್‌ನೊಳಕ್ಕೆ ನುಸುಳಿ, ಆಪರೇಷನ್ ಮುಗಿಯುವಷ್ಟರಲ್ಲಿ ಒತ್ತಡ ಏರಿರುತ್ತದೆ. ಸೋರಿಕೆಯಾದರೆ ಕಿವಿಗೆ ಕೇಳುತ್ತದೆ. ಈ ಒತ್ತಡ ಸದ್ದಿಲ್ಲದೆ ಶ್ವಾಸನಾಳದ ಒಳಪೊರೆಯ ರಕ್ತಸಂಚಾರ ನಿಲ್ಲಿಸುತ್ತದೆ.

ಇನ್ನೊಂದು. ಬಲೂನಿಗೆ ಜಾಗ ಬಿಡಲು ಅರ್ಧ ಮಿಲಿಮೀಟರ್ ಸಣ್ಣ ಟ್ಯೂಬ್ ಹಾಕಬೇಕು. ದೊಡ್ಡವರಲ್ಲಿ ಅದು ಲೆಕ್ಕಕ್ಕಿಲ್ಲ. ಎಳೆಗೂಸಿಗೆ 3.5ರ ಬದಲು 3 ಹಾಕಿದರೆ, ಗಾಳಿ ಸುಳಿಯಿಲ್ಲದೆ ಸರಾಗವಾಗಿ ಹರಿಯುತ್ತದೆಂದುಕೊಂಡರೂ ತಡೆ ಸುಮಾರು 1.85 ಪಟ್ಟಾಗುತ್ತದೆ. ವೆಂಟಿಲೇಟರ್ ಅದನ್ನು ನಿಭಾಯಿಸೀತು. ಆದರೆ ಅಷ್ಟು ಸಪೂರ ಕೊಳವೆಯಲ್ಲಿ ಚೂರು ಕಫ (ಈ ಸಲ ನಿಜವಾದ ಕಫವೇ) ಕಟ್ಟಿಕೊಂಡರೆ ಅದನ್ನು ಹೀರಿ ತೆಗೆಯುವ ನಳಿಕೆ, ಸಕ್ಷನ್ ಕೆಥೀಟರ್, ಇಳಿಸುವುದೇ ಕಷ್ಟ.

3 ಕೆ.ಜಿ.ಗಿಂತ ಕಡಿಮೆ ತೂಕದ ಶಿಶುಗಳಿಗಂತೂ ಆ ತೆಳು ಕಫ್‌ನ ಟ್ಯೂಬನ್ನು ತಯಾರಕರೇ ಸೂಚಿಸಿಲ್ಲ. ಅವಧಿಗೆ ಮುನ್ನ ಹುಟ್ಟಿದ ಕೂಸು ಮೇಜಿನ ಮೇಲೆ ಬಂದ ದಿನ ನಾನು ಟ್ರಾಲಿಯಲ್ಲಿ ಮೊದಲು ಹುಡುಕುವುದು ಕಫ್ ಇಲ್ಲದ ಟ್ಯೂಬನ್ನೇ.