ಇಲ್ಲಿ ರಾಜಕೀಯ ಮಾತಾಡಬಾರದು

ನಮ್ಮ ಕೊಪ್ಪಳದ ಹಳೆಯ ಹೋಟೆಲುಗಳಲ್ಲಿ ಗಲ್ಲಾದ ಹಿಂದಿನ ಗೋಡೆಯ ಮೇಲೆ ಮೂರು ವಸ್ತು ಇರಲೇಬೇಕು. ಒಂದು ಗವಿಸಿದ್ಧೇಶ್ವರರ ಫೋಟೊ. ಇನ್ನೊಂದು 'ಇಂದು ನಗದು, ನಾಳೆ ಉದ್ರಿ' ಎಂಬ ಬೋರ್ಡು. ಅದರ ಪಕ್ಕ 'ಇಲ್ಲಿ ರಾಜಕೀಯ ಮಾತಾಡಬಾರದು' ಎಂಬ ಮತ್ತೊಂದು ಬೋರ್ಡು. ಫೋಟೊಕ್ಕೆ ಎಲ್ಲರೂ ಕೈಮುಗಿಯುತ್ತಾರೆ. ಉದ್ರಿ ಬೋರ್ಡನ್ನು ಬರೆಸಿದ ಮಾಲೀಕರೇ ನಂಬುವುದಿಲ್ಲ, ಗಲ್ಲಾದೊಳಗೆ ಉದ್ದನೆಯ ಉದ್ರಿ ಪುಸ್ತಕ ಇದ್ದೇ ಇರುತ್ತದೆ. ಮೂರನೆಯ ಬೋರ್ಡಿನ ಗತಿಯಂತೂ ಕೇಳಬೇಡಿ. ಊರಲ್ಲಿ ಅತಿ ಜಾಸ್ತಿ ರಾಜಕೀಯ ನಡೆಯುವುದು ಸರಿಯಾಗಿ ಅದರ ಕೆಳಗಿನ ಬೆಂಚಿನ ಮೇಲೆ.

ನಾನು ಚಹಾ ಕುಡಿಯುವ ಹೋಟೆಲಿನ ಮಾಲೀಕರನ್ನು ಒಮ್ಮೆ ಕೇಳಿದೆ, ಈ ಬೋರ್ಡು ಯಾಕೆ ಅಂತ. ಜಗಳ ಆಗುತ್ತವೆ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದೇ ಬೇರೆ. "ಜಗಳಾ ಆದ್ರ ಆಗ್ಲಿರಿ, ಆಮ್ಯಾಲೆ ಎರಡು ಚಾ ಜಾಸ್ತಿ ಹೊಕ್ಕಾವ. ಇವ್ರು ಜಗಳಾನೂ ಮಾಡಂಗಿಲ್ಲ. ಒಂದ್ ಚಾ ಹೇಳಿ ಎರಡು ತಾಸು ಸುಮ್ನ ಸಂವಿಧಾನ ಮಾತಾಡ್ತಾರ. ಮಿರ್ಚಿ ತಿನ್ನಾಕ ಬಂದೋರಿಗೆ ಜಾಗಾ ಇಲ್ಲ." ಮಾತಿಗೆ ಅಡ್ಡ ಬರುವವರಲ್ಲಿ ಇಷ್ಟು ನೇರವಾಗಿ ಕಾರಣ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ಸರ್ಕಾರಗಳಾದರೆ 'ಸಾರ್ವಜನಿಕ ಹಿತದೃಷ್ಟಿಯಿಂದ' ಅಂದುಬಿಡುತ್ತವೆ.

ನಮ್ಮ ಬೆಂಚಿನ ನಿವೃತ್ತ ಮಾಸ್ತರರು ಈ ಬೋರ್ಡಿನ ಬೇರನ್ನು ನಿಜಾಮರ ಕಾಲದವರೆಗೆ ಎಳೆಯುತ್ತಾರೆ. 1948ರ ಸೆಪ್ಟೆಂಬರ್ 17ರವರೆಗೆ ನಾವು ಹೈದರಾಬಾದ್ ಸಂಸ್ಥಾನದವರು. ಆಗ 'ಗಷ್ತಿ 53' ಅಂತ ಒಂದು ಸುತ್ತೋಲೆ ಇತ್ತು. ಮೊದಲೇ ಪರವಾನಗಿ ತೆಗೆದುಕೊಳ್ಳದೆ ಸಭೆ ಸೇರುವ ಹಾಗಿರಲಿಲ್ಲ. ಆ ಅಂಜಿಕೆಯೇ ಹೋಟೆಲಿನ ಗೋಡೆಗೆ ಹತ್ತಿದೆ ಅನ್ನೋದು ಮಾಸ್ತರರ ವಾದ. ನನಗೇನೋ ನಂಬಿಕೆ ಬರುವುದಿಲ್ಲ. ನಿಜಾಮರನ್ನು ಕಾಣದ ಊರಿನ ಹೋಟೆಲುಗಳಲ್ಲೂ ಇದೇ ಬೋರ್ಡು ನೋಡಿದ್ದೇನೆ. ಒಂದು ಚಹಾಕ್ಕೆ ಎರಡು ತಾಸು ಕೂಡುವವರು ಎಲ್ಲ ಸಂಸ್ಥಾನಗಳಲ್ಲೂ ಇದ್ದರು, ಅಲ್ವಾ.

ಬೋರ್ಡುಗಳ ಮಾತು ಬಂತೆಂದರೆ ನಮ್ಮ ಊರಿಗೆ ಸ್ವಲ್ಪ ಜಂಬ ಜಾಸ್ತಿ. ಗವಿಮಠದ ಗುಡ್ಡದ ಮೇಲೆ ಒಂದು, ಪಾಲ್ಕಿಗುಂಡಿನ ಮೇಲೆ ಇನ್ನೊಂದು, ಹೀಗೆ ಅಶೋಕ ಚಕ್ರವರ್ತಿ ಇಲ್ಲಿ ಎರಡು ಶಾಸನ ಬರೆಸಿದ್ದಾನೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಮನಸ್ಸಿಟ್ಟರೆ ಮೇಲೆ ಬರಬಹುದು ಅನ್ನೋದು ಅದರ ಸಾರ. ಮಾತಿನ ಬಗ್ಗೆ ಅಶೋಕ ಹೇಳಿದ್ದು ಬೇಕಾದರೆ ಸ್ವಲ್ಪ ದೂರ ಹೋಗಬೇಕು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯ ಮೇಲೆ, 1986ರಲ್ಲಿ ಗುಡಿಯ ಮಾಳಿಗೆ ಕುಸಿದಾಗ ದೇವರ ಪೀಠವಾಗಿದ್ದ ಕಲ್ಲಿನಲ್ಲಿ ಅವನ ಶಾಸನ ಸಿಕ್ಕಿತು. ಅವನ ದೊಡ್ಡ ಬಂಡೆಶಾಸನಗಳ ಸಾಲಿನ 12ನೆಯದೂ ಅದರಲ್ಲಿದೆ. ನಾಲಿಗೆ ಹಿಡಿತದಲ್ಲಿರಲಿ, ನಿನ್ನ ಪಂಥವನ್ನು ಸುಮ್ನೆ ಹೊಗಳಿಕೊಳ್ಳಬೇಡ, ಇನ್ನೊಬ್ಬರದನ್ನು ಕಾರಣವಿಲ್ಲದೆ ತೆಗಳಬೇಡ, ಕಾರಣ ಇದ್ದರೂ ಮಿತಿಯಲ್ಲಿರು ಅನ್ನುತ್ತದೆ ಅದು. ನೋಡಿ, ಮಾತಾಡಲೇಬೇಡ ಅಂದಿಲ್ಲ. ಅಷ್ಟು ದೊಡ್ಡ ರಾಜ್ಯ ಆಳಿದವನಿಗೆ ಹೊಳೆದದ್ದು ಹೋಟೆಲಿನ ಬೋರ್ಡು ಬರೆಯುವವನಿಗೆ ಹೊಳೆಯಲಿಲ್ಲ. ಈಗ ಊರಲ್ಲಿ ಯಾರೇ ಘೋಷಣೆ ಕೂಗಬೇಕಾದರೂ ನೆಟ್ಟಗೆ ಅಶೋಕ ಸರ್ಕಲ್ಲಿಗೆ ಬರುತ್ತಾರೆ. ಅಲ್ಲಿ ನಾಲಿಗೆ ಎಷ್ಟು ಹಿಡಿತದಲ್ಲಿರುತ್ತದೆ ಅನ್ನೋದು ಬೇರೆ ಮಾತು.

ಬೆಂಚಿನ ವಾದಗಳಲ್ಲಿ ಒಂದು ಕಾಲಕ್ಕೆ ಭಾರಿ ಬಿಸಿಯಾಗಿದ್ದದ್ದು ಐಟಿ, ಅಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಇನ್ನೊಬ್ಬರಿಗೆ ಕಿರಿಕಿರಿಯಾಗುವಂಥದ್ದು ಕಳಿಸಿದರೆ 3 ವರ್ಷದವರೆಗೆ ಜೈಲು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಇಬ್ಬರು ಹುಡುಗಿಯರನ್ನು ಹಿಡಿದರು. ಒಬ್ಬಳು ಫೇಸ್‌ಬುಕ್ಕಿನಲ್ಲಿ ಬಂದ್ ಬಗ್ಗೆ ಬರೆದಿದ್ದಳು, ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದ್ದಳು, ಅಷ್ಟೇ. ಶ್ರೇಯಾ ಸಿಂಘಾಲ್ ಎಂಬ ಹುಡುಗಿ ಸುಪ್ರೀಂ ಕೋರ್ಟಿಗೆ ಹೋದಳು. 2015ರ ಮಾರ್ಚ್ 24ರಂದು ಆ ಕಲಮೇ ಬಿದ್ದುಹೋಯಿತು. ಬಿದ್ದುಹೋದರೂ ಠಾಣೆಗಳಲ್ಲಿ ಅದರಡಿ ಕೇಸು ಹಾಕುವುದು ನಿಂತಿರಲಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ಕೇಳಿ ಬೆರಗಾಯಿತು. ನಮ್ಮ ಕಿರಾಣಿ ಅಂಗಡಿ ಶೆಟ್ಟರು ಮಾತ್ರ ಈ ವಿಷಯಕ್ಕೆ ತಮ್ಮದೇ ತೀರ್ಪು ಕೊಟ್ಟಿದ್ದರು. "ಕಿರಿಕಿರಿ ಆದ್ರ ಜೈಲು ಅಂದ್ರ, ನಮ್ಮ ಮನಿಯಾಕಿ ದಿನಾ ಒಂದ್ ಕೇಸ್ ಹಾಕಬಹುದು ಬಿಡ್ರಿ."

ಇರಲಿ. ನಾನು ಹೇಳಬೇಕೆಂದಿದ್ದು ಬೋರ್ಡಿನ ಮೇಲೆ ಬಂದು ಕೂತ ಕ್ಯಾಮೆರಾದ ಕಥೆ.

ಹೋಟೆಲಿನವರು ಒಂದು ಸಿಸಿ ಕ್ಯಾಮೆರಾ ಹಾಕಿಸಿದರು. ಗುಂಡಗೆ, ಬೆಳ್ಳಗೆ, ಸರಿಯಾಗಿ ರಾಜಕೀಯದ ಬೋರ್ಡಿನ ಮೇಲೆ. ಅವತ್ತು ಬೆಂಚಿನಲ್ಲಿ ಬೇರೆ ವಿಷಯವೇ ಇಲ್ಲ. ಮಾಸ್ತರರು ಚಹಾದ ಬಸಿಯನ್ನು ಕೆಳಗಿಟ್ಟು ಶುರು ಮಾಡಿದರು. ನಾವು ಕೂತದ್ದು, ನಿಂತದ್ದು, ಯಾರ ಜೋಡಿ ಚಹಾ ಕುಡಿದದ್ದು ಎಲ್ಲ ಯಾಕೆ ದಾಖಲಾಗಬೇಕು ಅಂತ. ಶೆಟ್ಟರು ಎದ್ದು ನಿಂತರು. "ಮಾಸ್ತರ್ರ, ನಾವೇನ್ ಕದ್ದೀವೇನ್ರಿ? ಕದಿಯದೋರಿಗೆ ಕ್ಯಾಮೆರಾದ ಅಂಜಿಕಿ ಯಾಕ?"

ಈ ಮಾತು ನೀವೂ ಕೇಳಿರುತ್ತೀರಿ. ಜಗತ್ತಿನಲ್ಲಿ ಖಾಸಗಿತನದ ಬಗ್ಗೆ ವಾದ ನಡೆಯುವ ಕಡೆಯೆಲ್ಲ ಈ ಮಾತು ಒಮ್ಮೆ ಎದ್ದು ನಿಲ್ಲುತ್ತದೆ. ದೊಡ್ಡ ದೊಡ್ಡವರು ಇದಕ್ಕೆ ಪುಟಗಟ್ಟಲೆ ಉತ್ತರ ಬರೆದಿದ್ದಾರೆ. ಮಾಸ್ತರರು ಒಂದೇ ಸಾಲಿನಲ್ಲಿ ಮುಗಿಸಿದರು. "ಹೌದಲ್ರಿ ಶೆಟ್ರ, ಹಂಗಾದ್ರ ನಿಮ್ಮ ಉದ್ರಿ ಪುಸ್ತಕ ಇಲ್ಲಿ ಇಡ್ರಿ, ಎಲ್ಲಾರೂ ನೋಡೂಣು." ಶೆಟ್ಟರು ಕೂತುಬಿಟ್ಟರು.

ಆದರೂ ಅವರು ಸೋತವರಂತೆ ಕಾಣಲಿಲ್ಲ. ಅವರನ್ನು ಅಲುಗಾಡಿಸಿದ್ದು ಆಮೇಲೆ ಬಂದ 2025ರ ಜುಲೈ. ಫೋನ್‌ಪೇ, ಗೂಗಲ್‌ಪೇ ಲೆಕ್ಕ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಕಳಿಸಿತಲ್ಲ, ಆಗ. ವರ್ಷಕ್ಕೆ 40 ಲಕ್ಷ ದಾಟಿದ ಸರಕಿನ ವಹಿವಾಟು ಅಂತ. ಗಲಾಟೆ ಜಾಸ್ತಿಯಾದ ಮೇಲೆ ಸರ್ಕಾರ ಹಿಂದೆ ಸರಿಯಿತು. ಅಷ್ಟರಲ್ಲಿ ಎಷ್ಟೋ ಅಂಗಡಿಗಳ ಮುಂದಿನ ಸ್ಕ್ಯಾನರ್ ಚೀಟಿ ಮಾಯವಾಗಿ, 'ನಗದು ಮಾತ್ರ' ಎಂಬ ರಟ್ಟಿನ ಹಲಗೆ ನೇತುಬಿದ್ದಿತ್ತು. ಶೆಟ್ಟರಿಗೆ ನೋಟಿಸೇನೂ ಬಂದಿರಲಿಲ್ಲ. ಆದರೂ ಅವರ ಸ್ಕ್ಯಾನರ್ ಗೋಧಿ ಚೀಲದ ಹಿಂದೆ ಹೋಗಿ ಕೂತಿತ್ತು. ಕದಿಯದವರಿಗೆ ಅಂಜಿಕೆ ಯಾಕೆ ಅಂತ ಆಗ ಯಾರೂ ಅವರನ್ನು ಕೇಳಲಿಲ್ಲ. ಬೆಂಚಿನವರಿಗೆ ಅಷ್ಟು ಮರ್ಯಾದೆ ಇದೆ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದವರು ನಮ್ಮ ರಾಜ್ಯದವರೇ, ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಅವರು ಅರ್ಜಿ ಹಾಕಿದಾಗ ವಯಸ್ಸು 86. ಇದನ್ನು ಮಾಸ್ತರರು ಹೇಳಿದಾಗ ಮೊಬೈಲ್ ರಿಪೇರಿ ಹುಡುಗ ತಲೆ ಎತ್ತಿದ. "ಅದೇ ವಯಸ್ಸಿನ್ಯಾಗ ನಮ್ಮಜ್ಜ ಹೆಬ್ಬೆಟ್ಟು ಬೀಳವಲ್ದು ಅಂತ ರೇಷನ್ ಅಂಗಡಿ ಕಟ್ಟಿ ಮ್ಯಾಲೆ ಕುಂತಿದ್ದ ನೋಡ್ರಿ. ಇವ್ರು ಸುಪ್ರೀಂ ಕೋರ್ಟಿಗೆ ಹ್ವಾದ್ರು." ಅಜ್ಜ ಜೀವನವಿಡೀ ಗುದ್ದಲಿ ಹಿಡಿದವನು. ಬೆರಳಿನ ಗೆರೆಗಳು ಸವೆದುಹೋಗಿದ್ದವು. 2018ರ ಸೆಪ್ಟೆಂಬರ್‌ನಲ್ಲಿ ಆಧಾರ್ ತೀರ್ಪು ಬಂತು. ಬ್ಯಾಂಕಿಗೆ, ಸಿಮ್ಮಿಗೆ ಆಧಾರ್ ಕಡ್ಡಾಯ ಅಲ್ಲ ಅಂತು ಕೋರ್ಟು. ರೇಷನ್ನಿನಂಥ ಸರ್ಕಾರಿ ಸವಲತ್ತಿಗೆ ಇರಲಿ ಅಂತು. ಅಂದರೆ ಬ್ಯಾಂಕಿನ ಸೋಫಾದ ಮೇಲೆ ಕೂತವರಿಗೆ ಬೆರಳಿನಿಂದ ಬಿಡುಗಡೆ, ಕಟ್ಟೆಯ ಮೇಲೆ ಕೂತ ಅಜ್ಜನಿಗೆ ಇಲ್ಲ.

ಇಷ್ಟು ಹೊತ್ತೂ ಮಾತಾಡುತ್ತಿದ್ದವರು ಗಂಡಸರೇ. ಹೋಟೆಲಿನ ಬಾಗಿಲಲ್ಲಿ ಮಿರ್ಚಿ ಕರಿಯುವ ಅಕ್ಕ ಒಬ್ಬರಿದ್ದಾರೆ. ಬಾಣಲೆಯ ಮುಂದೆ ಕೂತರೆ ಅವರ ಬೆನ್ನು ನಮ್ಮ ಕಡೆ. ಉದ್ದನೆಯ ಹಸಿಮೆಣಸಿನಕಾಯಿಯನ್ನು ತೊಟ್ಟಿನ ಹತ್ತಿರ ಹಿಡಿದು, ಹಿಟ್ಟಿನಲ್ಲಿ ಒಮ್ಮೆ ಅದ್ದಿ, ಬಟ್ಟಲಿನ ಅಂಚಿಗೆ ಒಂದು ಮಗ್ಗುಲು ಒರೆಸಿ, ಎಣ್ಣೆಗೆ ಜಾರಿಸುತ್ತಾರೆ. ಆ ಒರೆಸುವುದರಲ್ಲೇ ಎಲ್ಲ ಇದೆ. ಒಂದು ಕಡೆ ಹಿಟ್ಟು ತೆಳುವಾಗಿ, ಮೆಣಸಿನಕಾಯಿ ಎಣ್ಣೆಗೆ ತಾಗಿ ಬೇಯಬೇಕು. ಬೇಸಿಗೆಯಲ್ಲಿ ಅವರು ಹೋಟೆಲಿಗೆ ಬರುತ್ತಿರಲಿಲ್ಲ. ಹಳ್ಳಿಯಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ, ಕೆರೆ ಹೂಳು ತೆಗೆಯಲು ಹೋಗುತ್ತಿದ್ದರು.

ಅವತ್ತು ತಿರುಗಿ ನೋಡದೆಯೇ ಹೇಳಿದರು. "ನಿಮಗ ಈಗ ಕ್ಯಾಮೆರಾ ಬಂದೈತಿ. ನಮ್ಮ ಫೋಟೊ ದಿನಾ ಎರಡು ಸಲ ತೆಗಿತಿದ್ರು."

2023ರ ಜನವರಿಯಿಂದ ಖಾತ್ರಿ ಕೆಲಸದ ಎಲ್ಲ ಕಡೆ ಮೊಬೈಲ್ ಹಾಜರಿ ಕಡ್ಡಾಯವಾಗಿತ್ತು. ಕೆಲಸದ ಉಸ್ತುವಾರಿ ನೋಡುವ ಕಾಯಕ ಬಂಧು ಕೂಲಿಕಾರರನ್ನು ಸಾಲಾಗಿ ನಿಲ್ಲಿಸಿ ಮುಂಜಾನೆ ಒಂದು ಫೋಟೊ, ಮಧ್ಯಾಹ್ನ ಒಂದು ಫೋಟೊ ತೆಗೆದು ಆ್ಯಪಿಗೆ ಏರಿಸಬೇಕಿತ್ತು. ಕೆರೆಯ ಅಂಗಳದಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಬುಟ್ಟಿ ಹೊತ್ತದ್ದು ನಿಜ, ಹೂಳು ತೆಗೆದದ್ದು ನಿಜ, ಫೋಟೊ ಏರಲಿಲ್ಲ ಅಂದರೆ ಆ ದಿನ ಲೆಕ್ಕಕ್ಕಿಲ್ಲ. ಆ ವರ್ಷದ ಏಪ್ರಿಲ್‌ನಿಂದ ನಮ್ಮ ರಾಜ್ಯದಲ್ಲಿ ದಿನದ ಕೂಲಿ 316 ರೂಪಾಯಿ. ಇಷ್ಟೆಲ್ಲ ಮಾಡಿ ಕಳ್ಳ ಹಾಜರಿ ನಿಂತಿತೇ ಅಂದರೆ ಅದೂ ಇಲ್ಲ. ಫೋಟೊದ ಫೋಟೊ ತೆಗೆದು ಏರಿಸುತ್ತಿದ್ದಾರೆ ಅಂತ 2025ರ ಜುಲೈನಲ್ಲಿ ಕೇಂದ್ರದ ಸಚಿವಾಲಯವೇ ಸುತ್ತೋಲೆ ಹೊರಡಿಸಬೇಕಾಯಿತು. ಕಳ್ಳರು ದಾರಿ ಕಂಡುಕೊಂಡರು, ನೆಟ್‌ವರ್ಕ್ ಸಿಗದವರು ಕೂಲಿ ಕಳೆದುಕೊಂಡರು.

ಅಕ್ಕನ ಮಾತು ಅಲ್ಲಿಗೆ ಮುಗಿದಿರಲಿಲ್ಲ. ಗಿಣಿಗೇರಾದ ಕಾರ್ಖಾನೆಗಳ ಕಡೆ ಕೈ ಮಾಡಿದರು. ಅವರ ಊರು ಆ ಕಡೆಯೇ. ಬೆಳ್ಳಗೆ ಒಗೆದು ಹಾಕಿದ ಬಟ್ಟೆ ಒಣಗುವಷ್ಟರಲ್ಲಿ ಕರ್ರಗಾಗುತ್ತದೆ ಅನ್ನುತ್ತಾರೆ. "ಫೋಟೊ ತೆಗಿಯೂದಾದ್ರ ಮೊದಲ ಆ ಚಿಮಣಿದು ತೆಗೀರಿ ಅಂತೀನಿ."

"ಅದಕ್ಕೂ ಮಷಿನ್ ಐತಿ ಬೇ ಯಕ್ಕಾ," ಅಂದ ಮೊಬೈಲ್ ಹುಡುಗ. ಅವನು ಹೇಳಿದ್ದು ಖರೆ. ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಕಾರ್ಖಾನೆಗಳು ಹೊಗೆಯ ಲೆಕ್ಕವನ್ನು ಆಗಿಂದಾಗ ಆನ್‌ಲೈನಿನಲ್ಲಿ ಕಳಿಸುವ ಯಂತ್ರ ಕೂಡಿಸಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಹೇಳಿದೆ. ಕಬ್ಬಿಣ, ಉಕ್ಕಿನ ಕಾರ್ಖಾನೆಗಳೂ ಅದರಲ್ಲಿ ಸೇರಿವೆ.

ಅಕ್ಕ ಝಾರಿಯಿಂದ ಮಿರ್ಚಿ ಎತ್ತುತ್ತಾ ಕೇಳಿದರು. "ಹೌದಾ? ನಮ್ಮ ಫೋಟೊ ಹೋಗ್ಲಿಲ್ಲಂದ್ರ ನಮ್ಮ ಕೂಲಿ ಕಟ್. ಅದರ ಲೆಕ್ಕ ಹೋಗ್ಲಿಲ್ಲಂದ್ರ ಯಾರ ಕೂಲಿ ಕಟ್?"

ಬೆಂಚಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಮಾಸ್ತರರೂ. ಖಾಸಗಿತನ, ಸ್ವಾತಂತ್ರ್ಯ, ತಂತ್ರಜ್ಞಾನ ಅಂತ ನಾವು ಇಷ್ಟು ದಿನ ಒಂದು ಚಹಾಕ್ಕೆ ಎರಡು ತಾಸು ಮಾತಾಡಿದ್ದೆವಲ್ಲ, ಕ್ಯಾಮೆರಾ ಇರಬೇಕೋ ಬೇಡವೋ ಅನ್ನೋದರಲ್ಲೇ ನಿಂತಿದ್ದೆವು. ಅದು ಯಾರ ಕಡೆ ಮುಖ ಮಾಡಿದೆ, ಕೆಟ್ಟರೆ ಯಾರಿಗೆ ನಷ್ಟ ಅನ್ನೋದನ್ನು ಕೇಳಿದವರು ಅವರೊಬ್ಬರೇ. ಸ್ವಲ್ಪ ಹೊತ್ತಾದ ಮೇಲೆ ಶೆಟ್ಟರು ಎಲ್ಲರಿಗೂ ಒಂದೊಂದು ಪ್ಲೇಟ್ ಮಿರ್ಚಿ ಹೇಳಿದರು. ಹೋಟೆಲಿನವರಿಗೆ ಬಹಳ ಸಂತೋಷವಾಯಿತು.

ಇತ್ತೀಚೆಗೆ ನಮ್ಮ ಓಣಿಗೂ ಕ್ಯಾಮೆರಾ ಬರುವ ಮಾತಾಯಿತು. ಒಂದೆರಡು ಬೈಕು ಕಳುವಾಗಿದ್ದವು. ಮನೆಮನೆಗೆ ಪಟ್ಟಿ ಎತ್ತಿದರು, ಎಲ್ಲರೂ ಖುಷಿಯಿಂದ ಕೊಟ್ಟರು. ತಕರಾರು ಶುರುವಾದದ್ದು ಕಂಬ ಹತ್ತಿದ ಹುಡುಗ ಯಾವ ಕಡೆ ತಿರುಗಿಸಲಿ ಅಂತ ಕೇಳಿದಾಗ. ಒಂದು ಮನೆಯವರು ಬಡ್ಡಿ ವ್ಯವಹಾರ ಮಾಡುತ್ತಾರೆ, ಅವರ ಬಾಗಿಲಿಗೆ ಬರುವವರು ಕತ್ತಲಾದ ಮೇಲೆಯೇ ಬರುವುದು. ಇನ್ನೊಂದು ಮನೆಯ ಹಿರಿಯರು ರಾತ್ರಿ ಬರುವಾಗ ಸ್ವಲ್ಪ ಗೋಡೆ ಹಿಡಿದು ಬರುತ್ತಾರೆ. ಹೆಣ್ಣುಮಕ್ಕಳು ಮುಂಜಾನೆ ಎದ್ದು ಸೀರೆ ಎತ್ತಿ ಕಟ್ಟಿ ಅಂಗಳಕ್ಕೆ ನೀರು ಹೊಡೆಯುವುದನ್ನು ಯಾರು ಯಾಕೆ ನೋಡಬೇಕು ಅಂತ ಒಬ್ಬ ಅತ್ತಿ ನೇರವಾಗಿ ಕೇಳಿದರು. ಕ್ಯಾಮೆರಾ ಎಲ್ಲರಿಗೂ ಬೇಕು, ಎದುರು ಮನೆಯ ಕಡೆ. ಕೊನೆಗೆ ಅದನ್ನು ಯಾರ ಬಾಗಿಲೂ ಕಾಣದ ಹಾಗೆ ಕಸದ ತೊಟ್ಟಿಯ ಕಡೆ ತಿರುಗಿಸಿದರು. ಬೈಕು ಅಲ್ಲಿ ಯಾರೂ ನಿಲ್ಲಿಸುವುದಿಲ್ಲ.

ಆಮೇಲೆ ಕ್ಯಾಮೆರಾ ಕಂಡದ್ದನ್ನು ಕೂಡಿಡುವ ಪೆಟ್ಟಿಗೆ, ಡಿವಿಆರ್, ಯಾರ ಮನೆಯಲ್ಲಿ ಇರಬೇಕು ಅನ್ನುವ ಪ್ರಶ್ನೆ ಬಂತು. ರೆಕಾರ್ಡು ಎಷ್ಟು ದಿನ ಇಡಬೇಕು, ಯಾರು ಕೇಳಿದರೆ ತೋರಿಸಬೇಕು, ಪಾಸ್‌ವರ್ಡ್ ಯಾರ ಕೈಲಿ? ಓಣಿಯ ವಕೀಲರು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ತಂದು ಓದಿ ಹೇಳಿದರು. ಯಾವ ಕೆಲಸಕ್ಕೆ ಅಂತ ಮಾಹಿತಿ ತೆಗೆದುಕೊಂಡರೋ ಆ ಕೆಲಸ ಮುಗಿದ ಮೇಲೆ ಅಳಿಸಬೇಕಂತೆ. ಸರ್ಕಾರ ಮಾತ್ರ ತನಗೆ ಬೇಕಾದ ತನ್ನ ಸಂಸ್ಥೆಗಳನ್ನು ಇದರಿಂದ ಹೊರಗಿಡಬಹುದಂತೆ. "ಹಂಗಿದ್ರ ನಮ್ಮನ್ನೂ ಹೊರಗಿಡ್ರಿ," ಅಂದರು ಬಡ್ಡಿ ಮನೆಯವರು. ಡಿವಿಆರ್ ಗುಡಿಯಲ್ಲಿಡೋಣ ಅಂದರು ಕೆಲವರು. ಪೂಜಾರಿ ಒಪ್ಪಲಿಲ್ಲ. ಪೊಲೀಸ್ ಠಾಣೆಗೆ ಕೊಡೋಣ ಅಂದಾಗ ಬೈಕು ಕಳೆದುಕೊಂಡವರೇ ಬೇಡ ಅಂದರು.

ಕ್ಯಾಮೆರಾ ಕಂಬದ ಮೇಲಿದೆ. ವೈರು ಇನ್ನೂ ಎಳೆದಿಲ್ಲ. ಉಳಿದ ಪಟ್ಟಿ ದುಡ್ಡು ಯಾರ ಹತ್ತಿರ ಇದೆ ಅಂತ ಮುಂದಿನ ಅಮಾವಾಸ್ಯೆಗೆ ಸಭೆ ಕರೆದಿದ್ದಾರೆ.