ಸತ್ಯಾಂಶ: ಸೈಗಾನ್‌ನ ಆ ಗುಂಡೇಟು ನೇರ ಪ್ರಸಾರವಾಗಿರಲಿಲ್ಲ

ವಿಯೆಟ್ನಾಂ ಯುದ್ಧದ ವೇಳೆ, 1968ರ ಫೆಬ್ರವರಿ 1ರಂದು, ಸೈಗಾನ್‌ನ ಬೀದಿಯಲ್ಲಿ ದಕ್ಷಿಣ ವಿಯೆಟ್ನಾಂನ ಪೊಲೀಸ್ ಮುಖ್ಯಸ್ಥ ನ್ಗುಯೆನ್ ನ್ಗೋಕ್ ಲೋನ್ ಕೈಗಳನ್ನು ಕಟ್ಟಿಹಾಕಲಾಗಿದ್ದ ಬಂಧಿಯೊಬ್ಬನ ತಲೆಗೆ ಗುಂಡಿಕ್ಕಿದ್ದನ್ನು ಅಮೆರಿಕದ ಜನ ಮನೆಯಲ್ಲೇ ಕುಳಿತು ನೇರ ಪ್ರಸಾರದಲ್ಲಿ ಕಂಡರು ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿರುತ್ತದೆ. ಇದು ನಿಜವಲ್ಲ.

ಆ ದೃಶ್ಯವನ್ನು ಅಮೆರಿಕದ ಎನ್‌ಬಿಸಿ ವಾಹಿನಿಗಾಗಿ ಸೆರೆಹಿಡಿದವರು ವಿಯೆಟ್ನಾಂನವರೇ ಆದ ವೊ ಸು. ಅವರ ಹೆಗಲ ಮೇಲಿದ್ದದ್ದು ಫಿಲ್ಮ್ ಕ್ಯಾಮೆರಾ; ಅದರ ಸುರುಳಿಯನ್ನು ಆಮೇಲೆ ಸಂಸ್ಕರಿಸಿದರೆ ಮಾತ್ರ ಚಿತ್ರ ಮೂಡುತ್ತಿತ್ತು. ಹೊತ್ತೊಯ್ಯಬಲ್ಲ ವಿಡಿಯೋ ಕ್ಯಾಮೆರಾಗಳು ಸುದ್ದಿಮನೆಗಳಲ್ಲಿ ಬಳಕೆಗೆ ಬಂದದ್ದು 1970ರ ದಶಕದಲ್ಲಿ. ಅಂದಿನ ಸುದ್ದಿ ಛಾಯಾಗ್ರಾಹಕರು ಬಳಸುತ್ತಿದ್ದ 16 ಮಿ.ಮೀ. ಫಿಲ್ಮಿನ ನೂರು ಅಡಿಯ ಸುರುಳಿ ಮೂರು ನಿಮಿಷವೂ ಓಡುತ್ತಿರಲಿಲ್ಲ, ನಾನೂರು ಅಡಿಯದು ಸುಮಾರು ಹನ್ನೊಂದು ನಿಮಿಷ ಓಡುತ್ತಿತ್ತು. ಆದ್ದರಿಂದ ಯಾವ ಕ್ಷಣದಲ್ಲಿ ಕ್ಯಾಮೆರಾದ ಗುಂಡಿ ಒತ್ತಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಗುಂಡಿನ ಸದ್ದಿನ ನಡುವೆಯೇ ತೀರ್ಮಾನಿಸಬೇಕಿತ್ತು. ತೆಗೆದದ್ದು ಹೇಗೆ ಮೂಡಿದೆಯೆಂದು ಅಲ್ಲೇ ನೋಡುವ ಅನುಕೂಲವೂ ಇರಲಿಲ್ಲ.

ವೊ ಸು ಅವರ ಸುರುಳಿ ವಿಮಾನದಲ್ಲಿ ಟೋಕಿಯೋ ತಲುಪಿ, ಅಲ್ಲಿ ಸಂಸ್ಕರಣೆಗೊಂಡು, ಉಪಗ್ರಹದ ಮೂಲಕ ನ್ಯೂಯಾರ್ಕ್‌ಗೆ ಹೋಗಿ, ಮರುದಿನ ಸಂಜೆಯ ವಾರ್ತೆಯಲ್ಲಿ ಕಾಣಿಸಿಕೊಂಡಿತು. ಅದೂ ಪೂರ್ತಿಯಾಗಿ ಅಲ್ಲ: ಸಂಪಾದಕರು ನೋಡಲಾಗದ ಕೊನೆಯ ಕ್ಷಣಗಳನ್ನು ಕತ್ತರಿಸಿದ್ದರು.

ಸಂದೇಶದ ಜೊತೆ ಸಾಮಾನ್ಯವಾಗಿ ಬರುವ ಕಪ್ಪುಬಿಳುಪು ಚಿತ್ರ ವೊ ಸು ಅವರ ಈ ಫಿಲ್ಮಿನಿಂದ ತೆಗೆದದ್ದೂ ಅಲ್ಲ. ಅದು ಪಕ್ಕದಲ್ಲೇ ನಿಂತಿದ್ದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಛಾಯಾಗ್ರಾಹಕ ಎಡ್ಡಿ ಆಡಮ್ಸ್ ಕ್ಲಿಕ್ಕಿಸಿದ ಸ್ಥಿರಚಿತ್ರ. ಅದಕ್ಕೆ 1969ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಅದೇ ಕ್ಷಣವನ್ನು ಅದೇ ಅಪಾಯದ ನಡುವೆ ದಾಖಲಿಸಿದ ವೊ ಸು ಅವರ ಹೆಸರು ಮಾತ್ರ ಇಂಥ ಸಂದೇಶಗಳಲ್ಲಿ ಕಾಣುವುದೇ ಇಲ್ಲ, ಇದು ನ್ಯಾಯವಲ್ಲ.