32 ಅಡಿಯ ಮಂಗ

ಬೆಂಗಳೂರಿನಲ್ಲಿ ಮನೆ ಬದಲಿಸುವಾಗ ಜಾಗ ಸಾಲದೆ ನನ್ನ ಭಾವಮೈದುನ ಬಿಟ್ಟುಕೊಟ್ಟ, ತಗ್ಗು ಸ್ವರಗಳಿಗೆಂದೇ ಇರುವ ಸ್ಪೀಕರ್ ಪೆಟ್ಟಿಗೆಯಾದ ಸಬ್‌ವೂಫರೊಂದು ತೀರ್ಥಹಳ್ಳಿ ಸಮೀಪದ ನಮ್ಮ ಹೆಂಚಿನ ಮನೆಗೆ ಬಂದು ಕುಳಿತದ್ದೇ ಈ ಎಲ್ಲ ಗೊಂದಲಕ್ಕೆ ಮೂಲ. ಅದುವರೆಗೆ ನಾನು ಕೊಳವೆಗಳಿಗೆ ಗಾಳಿ ಊದಿ ನುಡಿಸುವ ಚರ್ಚುಗಳ ದೊಡ್ಡ ವಾದ್ಯವಾದ ಪೈಪ್ ಆರ್ಗನ್ನಿನ ಧ್ವನಿಮುದ್ರಣಗಳನ್ನು ಮೊಬೈಲಿನಲ್ಲೇ ಕೇಳಿ ತೃಪ್ತನಾಗಿದ್ದೆ. ಭಜನೆಯ ಹಾರ್ಮೋನಿಯಂ ಬಿಟ್ಟರೆ ಬೇರೆ ತಿದಿವಾದ್ಯ ಕಾಣದ ಊರಿನಲ್ಲಿ ಈ ಚಪಲ ಹೇಗೆ ಅಂಟಿತೆಂಬುದು ನನ್ನ ಹೆಂಡತಿಗೂ ಬಗೆಹರಿಯದ ಪ್ರಶ್ನೆ.

ಆರ್ಗನ್ನಿನ 32 ಅಡಿ ಉದ್ದದ ಕೊಳವೆಯ ಸ್ವರವೆಂದರೆ ಸೆಕೆಂಡಿಗೆ ಸುಮಾರು 16 ಕಂಪನ. ನಮ್ಮ ಕಿವಿಯೋ ಸಾಮಾನ್ಯವಾಗಿ 20ರ ಕೆಳಗೆ ಕೈಚೆಲ್ಲುತ್ತದೆ. ಮೊಬೈಲಿಗೆ ಅದಕ್ಕಿಂತ ಎಷ್ಟೋ ಮೇಲಿನ ಮಂದ್ರಸ್ವರಗಳೂ ಎಟುಕುವುದಿಲ್ಲ. ಅದು ಕೊಡುವ ಉಪಸ್ವರಗಳನ್ನು (ಮೂಲಸ್ವರದ ಜೊತೆಗೇ ಹೊಮ್ಮುವ ಮೇಲಿನ ಸ್ವರಗಳನ್ನು) ಹಿಡಿದು ಮೂಲಸ್ವರವನ್ನು ಮಿದುಳೇ ಊಹಿಸಿಕೊಳ್ಳುತ್ತದೆ. ಅಂದರೆ ಇಷ್ಟು ವರ್ಷ ನಾನು ತಲೆದೂಗಿದ್ದು ಬಹುಮಟ್ಟಿಗೆ ನನ್ನ ತಲೆಗೇ.

ಆಷಾಢದ ಒಂದು ಸಂಜೆ ಮಳೆ ಕೊಂಚ ಹೊಳವಾದಾಗ (ಹೆಂಚಿನ ಮೇಲೆ ಮಳೆ ಬೀಳುವಾಗ ಸಂಗೀತದ ಮಾತೇ ಬೇಡ), ಫ್ರೆಂಚ್ ಸಂಗೀತಕಾರ ಸ್ಯಾಂ-ಸಾನ್ಸ್ 1886ರಲ್ಲಿ ರಚಿಸಿದ ಮೂರನೆಯ ಸಿಂಫನಿಯ ನಿಧಾನಗತಿಯ ಭಾಗವನ್ನು ಹಾಕಿದೆ. ಅಲ್ಲಿ ಆರ್ಗನ್ ಅಬ್ಬರಿಸುವುದಿಲ್ಲ. ತಂತಿವಾದ್ಯಗಳ ಅಡಿಯಲ್ಲಿ ಚಾಪೆ ಹಾಸಿದಂತೆ ಮೆಲ್ಲಗೆ ಹರಡಿಕೊಳ್ಳುತ್ತದೆ. ನನಗೆ ಆ ಚಾಪೆ ಕೇಳಿಸಲಿಲ್ಲ. ಹಾಗಾಗಿ ತಿರುಪನ್ನು ತಿರುಗಿಸಿದೆ, ಆಗಲೂ ಕೇಳಿಸದಿದ್ದಾಗ ಇನ್ನೂ ತಿರುಗಿಸಿದೆ. ನನಗೆ ಕೇಳಿಸದಿದ್ದರೂ ಮನೆಗೆ ಕೇಳಿಸಿತ್ತು. ಮೊದಲು ಅಡುಗೆಮನೆಯ ಹಲಗೆಯ ಮೇಲಿನ ಸ್ಟೀಲ್ ಲೋಟಗಳು ಒಂದನ್ನೊಂದು ಮೊಣಕೈಯಲ್ಲಿ ತಿವಿದುಕೊಂಡಂತೆ ಕಿಣಿಗುಟ್ಟಿದವು. ಬಳಿಕ ಇಡ್ಲಿ ಪಾತ್ರೆಯ ಮುಚ್ಚಳ ಗುಂಯ್‌ಗುಟ್ಟಿತು. ಕೊನೆಗೆ ಮೊದಲೇ ಸಡಿಲಾಗಿದ್ದ ಹೆಂಚೊಂದು ಜಾರಿ ಅಂಗಳಕ್ಕೆ ಬಿತ್ತು.

“ಮಂಗ ಬಂತು ಕಣೋ, ಮಾಡು ಹತ್ತಿದಾವೆ!” ಎಂದು ಅಮ್ಮ ಕೋಲು ಹಿಡಿದು ಹೊರಗೋಡಿದರು. ಅವರ ಕೂಗು ಕೇಳಿದ ಪಕ್ಕದ ತೋಟದವರು, ನೆರೆಹೊರೆಯ ಧರ್ಮವೆಂಬಂತೆ, ಒಂದು ಗರ್ನಾಲು ಹೊಡೆದರು. ಆ ಸದ್ದಿಗೆ ಕೊಟ್ಟಿಗೆಯಲ್ಲಿ ಹಾಲು ಕರೆಸಿಕೊಳ್ಳುತ್ತಿದ್ದ ಹಸು ಚೊಂಬನ್ನು ಒದ್ದಿತು. ಹಾಲಿನ ಹನಿ ಮೆತ್ತಿದ ಸೆರಗಿನಲ್ಲಿ ಬಾಗಿಲಿಗೆ ಬಂದು ನಿಂತ ಹೆಂಡತಿ, “ರೀ, ಆ ಪೆಟ್ಟಿಗೇನ ನೀವು ಆರಿಸ್ತೀರೋ, ನಾನು ಆರಿಸ್ಲೋ?” ಎಂದಳು. ನಾನೇ ಆರಿಸಿದೆ.

ಮರುವಾರ ಸಬ್‌ವೂಫರನ್ನು ತಗ್ಗಿಸಿ, ಪ್ಯಾರಿಸ್ಸಿನ ಸ್ಯಾಂ ಸುಲ್ಪೀಸ್ ಚರ್ಚಿನಲ್ಲಿ ಆರ್ಗನ್ ತಯಾರಕ ಕವಾಯೆ-ಕೋಲ್ 1862ರಲ್ಲಿ ಪೂರೈಸಿದ ಆರ್ಗನ್ನಿನ ಧ್ವನಿಮುದ್ರಣ ಹಾಕಿದೆ. ಒಳ್ಳೆಯ ಮುದ್ರಣದಲ್ಲಿ ಕೊಳವೆಗಳಷ್ಟೇ ಅಲ್ಲ, ಕಟ್ಟಡವೂ ನುಡಿಯುತ್ತದೆ. ವಾದಕ ಕೈಯೆತ್ತಿದ ಮೇಲೂ ಸ್ವರವು ಕಲ್ಲಿನ ಕಮಾನುಗಳಡಿಯಲ್ಲಿ ಹಲವು ಸೆಕೆಂಡು ಅಲೆದಾಡಿ ಆಮೇಲೆ ಅಡಗುತ್ತದೆ. ಮೈಕನ್ನು ತೀರಾ ಹತ್ತಿರವಿಟ್ಟರೆ ಈ ಅಲೆದಾಟ ಸಿಗದು, ತೀರಾ ದೂರವಿಟ್ಟರೆ ಸ್ವರಗಳು ಕಲಸಿಹೋಗುತ್ತವೆ. ಇದನ್ನೆಲ್ಲ ನಾನು ಉತ್ಸಾಹದಿಂದ ವಿವರಿಸಿದಾಗ ಅಮ್ಮ, “ನಿಲ್ಲಿಸಿದ ಮೇಲೂ ಕೂಗೋದಾದ್ರೆ ರಿಪೇರಿಗೆ ಕೊಡು” ಎಂದರು.

ಈಗ ಕೇಳುವ ಮೊದಲು ಲೋಟಗಳನ್ನು ಬೋರಲು ಹಾಕಿ ಅಡಿಗೆ ಟವೆಲ್ ಹಾಸುತ್ತೇನೆ, ಇಡ್ಲಿ ಮುಚ್ಚಳವನ್ನು ಹಾಸಿಗೆಯ ಮೇಲಿಡುತ್ತೇನೆ, ಪಕ್ಕದ ತೋಟಕ್ಕೆ ಫೋನ್ ಮಾಡುತ್ತೇನೆ. ಕಳೆದ ಭಾನುವಾರ ಇಷ್ಟೆಲ್ಲ ಮುಗಿಸಿ ಕಣ್ಮುಚ್ಚಿ ಕುಳಿತಾಗ ಮಾಡಿನ ಮೇಲೆ ಸೊಗಸಾಗಿ ದಡಬಡ ಕೇಳಿಸಿತು; ಸಬ್‌ವೂಫರ್ ಕೊನೆಗೂ ಪಳಗಿತೆಂದು ಹಿಗ್ಗಿದೆ. ಹಿತ್ತಿಲಿಗೆ ಹೋಗಿ ನೋಡಿದರೆ ಬಾಳೆಗೊನೆಯ ದಿಂಡು ಮಾತ್ರ ಉಳಿದಿತ್ತು.

“ನಂಗೆ ಕೇಳಿಸ್ತು, ನಿನ್ನ ಸಂಗೀತ ಅಂತ ಸುಮ್ಮನಿದ್ದೆ” ಎಂದರು ಅಮ್ಮ.